ಶನಿವಾರ ತೊಳೆದ ಕಲ್ಲುಗಳು

ರಾಯ್ಟ್ಲಿಂಗನ್,
19 ಫೆಬ್ರವರಿ 1989, ಭಾನುವಾರ

ಪ್ರೀತಿಯ ಅಣ್ಣ ಗಾಟ್ಲೀಬ್,

ನಿನ್ನ ಆಜ್ಞೆಯಂತೆ ಮೀನಿನ ಗಾಜಿನ ತೊಟ್ಟಿಗೆ ನೀರು ತುಂಬಿದ್ದಾಯಿತು. ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಉಪ್ಪು ಕರಗಿಸಿ, ಒಂದು ದಿನ ಬಿಟ್ಟು, ಎರಡನೆಯ ಮಹಡಿಗೆ ಹೊತ್ತೆ. ಇನ್ನೂರು ಲೀಟರ್. ಬಕೆಟ್ಟಿಗೆ ಎಂಟು ಲೀಟರಿನಂತೆ ಇಪ್ಪತ್ತೈದು ಸಲ ಹತ್ತಿ ಇಳಿದೆ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದದ್ದು ಆರಾಮಾಗಿ ಇರೋಣವೆಂದು! ಈಗ ಬೆನ್ನು ನನ್ನದಲ್ಲ, ಯಾರದೋ ಮುದುಕಿಯದನ್ನು ಸಾಲ ತಂದ ಹಾಗಿದೆ.

ಗಂಟಲಿನ ಆಪರೇಷನ್ನಿಗೆ ಗಾಲಿಮಂಚದ ಮೇಲೆ ತಳ್ಳಿಕೊಂಡು ಹೋಗುವಾಗ ನೀನು ಬಾಯಿಬಿಟ್ಟು ಹೇಳಿದ ಕೊನೆಯ ಮಾತು ನಿನಗೆ ನೆನಪಿದೆಯೇ? "ಲೀಡ್ಲೆ, ನೀರಿಗೆ ಉಪ್ಪು ಹಾಕ್ಬೇಕು, ಉಪ್ಪಿಗೆ ನೀರಲ್ಲ. ತಿಳೀತಾ?" ಬೇರೆಯವರಾದರೆ ದೇವರ ಹೆಸರು ಹೇಳುತ್ತಾರೆ. ನಲವತ್ತು ವರ್ಷ ಗಾಯನ ಸಂಘದಲ್ಲಿ ತಗ್ಗಿನ ಸ್ವರ ಹಿಡಿದ ಗಂಟಲು, ಕೊನೆಗೆ ಹೇಳಿದ್ದು ಉಪ್ಪಿನ ವಿಚಾರ. ನಾನು ಮರೆತಿಲ್ಲ. ನೀರಿಗೇ ಹಾಕಿದೆ.

ಮೋಟಾರು ಗುಂಯ್ ಎನ್ನುತ್ತಿದೆ. ಒಳಗೆ ನೀರು ಬಿಟ್ಟರೆ ಏನೂ ಇಲ್ಲ. ಗಾಯನ ಸಂಘದವರ ಜೊತೆ ಒಂದೇ ಒಂದು ಸಲ ಸಮುದ್ರ ನೋಡಿ ಬಂದವನಿಗೆ ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಹಾಲ್‌ನಲ್ಲೇ ಸಮುದ್ರ ಬೇಕಂತೆ! ಹೋಗಲಿ. ನಮ್ಮ ಒಪ್ಪಂದ ಮರೆಯಬೇಡ: ಮೇ ತಿಂಗಳ ಪೆಂಟೆಕೋಸ್ಟ್ ಹಬ್ಬಕ್ಕೆ ನೀನು ಮನೆಗೆ ಬರುವಾಗ ತೊಟ್ಟಿಯಲ್ಲಿ ಎರಡು ನೀಲಿ ಮೀನು ಇರಬೇಕು, ನಿನ್ನ ಬಾಯಲ್ಲಿ ಮಾತು ಇರಬೇಕು. ಮೀನು ನನ್ನ ಪಾಲಿನ ಕೆಲಸ, ಮಾತು ನಿನ್ನದು. ನನಗೆ ಮನೆಯಲ್ಲಿ ಮಾತು ಬೇಕಪ್ಪ. ಮೌನವನ್ನು ಇಪ್ಪತ್ತೊಂಬತ್ತು ವರ್ಷ ಗಂಡನ ಜೊತೆಯೇ ಸಹಿಸಿ ಮುಗಿಸಿದ್ದೇನೆ.

ನಿನ್ನ ತಂಗಿ
ಲೀಡಿಯಾ


ಬಾಡ್ ಟಾನ್‌ರೀಟ್, ಆರೈಕೆ ಕೇಂದ್ರ,
23 ಫೆಬ್ರವರಿ 1989

ಲೀಡ್ಲೆ,

ಒಂದು ವಾರ ನೀರು ಹಾಗೇ ಓಡಲಿ. ಆಮೇಲೆ ಸ್ಟುಟ್‌ಗಾರ್ಟಿನ ಅಂಗಡಿಯವನು ಕಲ್ಲು ಕಳಿಸುತ್ತಾನೆ. ಅದು ಬರೀ ಕಲ್ಲಲ್ಲ, ಸಮುದ್ರದ ತಳದಿಂದ ಎತ್ತಿದ್ದು, ಸಂದುಗೊಂದಿನಲ್ಲೆಲ್ಲ ಜೀವ ಇರುತ್ತದೆ. ದಾರಿಯಲ್ಲಿ ಅದರಲ್ಲಿ ಒಂದಷ್ಟು ಸಾಯುತ್ತದೆ, ನಿನ್ನ ತೊಟ್ಟಿಯಲ್ಲಿ ಕೊಳೆಯುತ್ತದೆ. ಕೊಳೆತದ್ದರಿಂದ ಅಮೋನಿಯ, ಅದು ವಿಷ. ಆ ವಿಷ ತಿನ್ನುವ ಬ್ಯಾಕ್ಟೀರಿಯ ಒಂದು ಬಗೆ ಹುಟ್ಟುತ್ತದೆ. ಅದು ತಿಂದು ಹೊರಹಾಕುವುದು ನೈಟ್ರೈಟ್, ಅದೂ ವಿಷ. ಅದನ್ನು ತಿನ್ನಲು ಇನ್ನೊಂದು ಬಗೆ ಹುಟ್ಟಬೇಕು. ಅದು ಮಹಾ ಸೋಮಾರಿ, ನಿಧಾನಕ್ಕೆ ಬರುತ್ತದೆ. ನೈಟ್ರೈಟ್ ಏರಬೇಕು, ಇಳಿಯಬೇಕು, ಸೊನ್ನೆಗೆ ಬರಬೇಕು. ಆ ದಿನ ಮೀನು. ಆರು ವಾರ ಹಿಡಿಯುತ್ತದೆ. ನಿನ್ನ ಕೆಲಸ ಒಂದೇ, ಏನೂ ಮಾಡದೆ ಇರುವುದು. ಸೀಸೆಗೆ ನೀರು ಹಿಡಿದು, ಔಷಧಿಯ ಹನಿ ಹಾಕಿ, ಬಣ್ಣ ನೋಡಿ, ಸಂಖ್ಯೆ ಬರೆದು ಕಳಿಸು.

ಇದೆಲ್ಲ ಪುಸ್ತಕದಲ್ಲಿ ಓದಿದ್ದು. ನನಗೂ ಇದು ಮೊದಲ ತೊಟ್ಟಿಯೇ.

ಇಲ್ಲಿ ಮಾತು ಕಲಿಸುವವಳು ಫ್ರಾವ್ ಯಾನ್ಸೆನ್, ಉತ್ತರದವಳು, ನನ್ನ ಮಗಳ ವಯಸ್ಸು ಇರಬಹುದು, ಮಗಳಿದ್ದಿದ್ದರೆ. ಧ್ವನಿಪೆಟ್ಟಿಗೆ ತೆಗೆದ ಮೇಲೆ ಗಾಳಿಯನ್ನು ಅನ್ನನಾಳಕ್ಕೆ ನುಂಗಿ, ತೇಗಿ, ಆ ತೇಗಿನ ಮೇಲೆ ಮಾತು ಕೂರಿಸಬೇಕಂತೆ. ಊಟದ ಮೇಜಿನಲ್ಲಿ ತೇಗಿದರೆ ಅಮ್ಮ ಸೌಟಿನಲ್ಲಿ ಕೊಡುತ್ತಿದ್ದಳು. ಈಗ ತೇಗಿದರೆ ಚಪ್ಪಾಳೆ ತಟ್ಟುತ್ತಾರೆ. ಚೆನ್ನಾಗಿ ನಡೆಯುತ್ತಿದೆ.

ಗಾಟ್ಲೀಬ್


ರಾಯ್ಟ್ಲಿಂಗನ್,
12 ಮಾರ್ಚ್ 1989, ಭಾನುವಾರ

ಅಣ್ಣ,

ಕಲ್ಲು ಒಂದನೆಯ ತಾರೀಕು ಬಂತು. ಒದ್ದೆ ವೃತ್ತಪತ್ರಿಕೆಯಲ್ಲಿ ಸುತ್ತಿ ಕಳಿಸಿದ್ದಾನೆ. ಹನ್ನೊಂದು ಕಲ್ಲು. ದೊಡ್ಡದೊಂದನ್ನು ಎತ್ತಿ ಇಡಲು ಅಂಚೆಯವನ ಕಾಲು ಹಿಡಿಯಬೇಕಾಯಿತು.

ನಾತ ಎಂದರೆ ನಾತ! ಹಾಲ್‌ನಲ್ಲಿ ಕೂತರೆ ಸತ್ತ ಮೀನಿನ ಸಂತೆಯಲ್ಲಿ ಕೂತ ಹಾಗೆ. ಚಳಿಯಲ್ಲೂ ಕಿಟಕಿ ತೆರೆದು, ಕೋಟು ಹಾಕಿಕೊಂಡು ಕಾಫಿ ಕುಡಿಯುತ್ತೇನೆ. ಈ ವಾರ ಕಲ್ಲಿನ ಮೇಲೆ, ಗಾಜಿನ ಮೇಲೆ, ಎಲ್ಲ ಕಡೆ ಕಂದು ಲೋಳೆ ಹಿಡಿದಿದೆ. ನೈಟ್ರೈಟಿನ ಸೀಸೆ ಗುಲಾಬಿಗೆ ತಿರುಗಿತು. ಪಟ್ಟಿಯ ಪ್ರಕಾರ 0.8.

ಕೆಳಗಿನ ಮನೆಯ ಫ್ರಾವ್ ಶೆಂಕ್ ಬೇರೆ ಜೀವ ತಿನ್ನುತ್ತಿದ್ದಾಳೆ. ನೀರು ಹೊರುವಾಗ ಚೆಲ್ಲಿದ್ದು ಒಣಗಿ, ಮೆಟ್ಟಿಲ ಮೇಲೆಲ್ಲ ಬಿಳಿ ಉಪ್ಪು ಕೂತಿತ್ತು, ಅದೂ ಮೆಟ್ಟಿಲು ತೊಳೆಯುವ ಅವಳ ಪಾಳಿಯ ವಾರದಲ್ಲಿ! "ಲೀಡಿಯಾ, ನಾನು ಮೂರು ಸಲ ಒರೆಸ್ದೆ ಕಣ್ರೀ, ಮೂರು ಸಲ! ಒಣಗಿದ್ರೆ ಮತ್ತೆ ಬೆಳ್ಳಗೆ! ನಿಮ್ಮಣ್ಣ ಅಲ್ಲಿ ಹಾಯಾಗಿದಾರೆ, ಇಲ್ಲಿ ನಾವು ಸಾಯ್ಬೇಕು" ಎಂದಳು. ಹಾಯಾಗಿದ್ದಾರೆ ಎಂದದ್ದಕ್ಕೆ ಎರಡು ಮಾತು ಅನ್ನಬೇಕೆಂದಿದ್ದೆ, ಆದರೆ ಅಷ್ಟು ಶಕ್ತಿ ಇರಲಿಲ್ಲ. ಪಾಳಿಯ ಹಲಗೆ ಈಸ್ಟರ್ ವಾರಕ್ಕೆ ನಮ್ಮ ಬಾಗಿಲಿಗೆ ಬರುತ್ತದೆ. ಹಬ್ಬದ ದಿನ ಕಾಫಿಗೂ ಅವಳು ಬರುತ್ತಾಳೆ, ಪ್ರತಿ ವರ್ಷದಂತೆ. ಈ ಕೊಳಕಿನ ಮುಂದೆ ಅವಳನ್ನು ಹೇಗೆ ಕೂರಿಸಲಿ?

ನಿಜ ಹೇಳಲಾ? ನನಗೆ ದಣಿವಾಗಿದೆ. ದಿನಾ ಕೂತು ಕೊಳೆಯುತ್ತಿರುವ ಕಲ್ಲು ನೋಡುವುದೇ ನೋಡುವುದು. ಎಷ್ಟು ಮಾತು ಬಂತು ಈಗ?

ಲೀಡಿಯಾ


ಬಾಡ್ ಟಾನ್‌ರೀಟ್,
16 ಮಾರ್ಚ್ 1989

ಲೀಡ್ಲೆ,

ನಾತ ಒಳ್ಳೆಯದು. ಕಂದು ಲೋಳೆ ಒಳ್ಳೆಯದು. 0.8 ಒಳ್ಳೆಯದು, ಇನ್ನೂ ಏರಲಿ. ಕಾಣದ ಕೆಲಸ ಒಳಗೆ ನಡೆದಿದೆ. ತಾಳಿದವನು ಬಾಳಿಯಾನು. ಮುಟ್ಟಬೇಡ.

ಎಂಟು ಪದ ಬಂದಿದೆ. ಫ್ರಾವ್ ಯಾನ್ಸೆನ್ ನನ್ನನ್ನು ಎಲ್ಲರಿಗೂ ತೋರಿಸುತ್ತಾಳೆ.

ಗಾಟ್ಲೀಬ್


ರಾಯ್ಟ್ಲಿಂಗನ್,
28 ಮಾರ್ಚ್ 1989

ಪ್ರೀತಿಯ ಅಣ್ಣ,

ಈಸ್ಟರ್ ಹಬ್ಬದ ಶುಭಾಶಯ. ಶುಭ ಶುಕ್ರವಾರ ಮೌಲ್ಟಾಶೆನ್ ಕಡುಬು ಮಾಡಿದ್ದೆ, ಒಬ್ಬಳಿಗೆ ಹದಿನಾಲ್ಕು. ಉಪವಾಸದ ದಿನ ದೇವರ ಕಣ್ಣಿಗೆ ಬೀಳದಿರಲೆಂದು ಮಾಂಸವನ್ನು ಹಿಟ್ಟಿನೊಳಗೆ ಮುಚ್ಚಿ ಬೇಯಿಸುವ ಜನ ನಾವು. ದೇವರೂ ಇಷ್ಟು ಶತಮಾನ ಗೊತ್ತಿಲ್ಲದವನ ಹಾಗೆ ಇದ್ದಾನೆ. ಶನಿವಾರ ನನ್ನ ಪಾಳಿ. ನೆಲಮಾಳಿಗೆಯಿಂದ ಬೀದಿಯವರೆಗೆ ಎಲ್ಲ ಚೊಕ್ಕಟ. ಫ್ರಾವ್ ಶೆಂಕ್ ಕೈಬೆರಳಲ್ಲಿ ಮೆಟ್ಟಿಲ ಕಂಬಿ ಸವರಿ ನೋಡಿ ಸುಮ್ಮನಾದಳು. ಕಾಫಿಗೆ ಬಂದವಳು ತೊಟ್ಟಿ ನೋಡಿ, "ಅಯ್ಯೋ, ಎಷ್ಟು ಫಳಫಳ ಅಂತಿದೆ!" ಎಂದಳು.

ಒಳ್ಳೆಯ ಸುದ್ದಿ ಕೇಳು. ನಿನ್ನೆ ನೈಟ್ರೈಟ್ ಸೊನ್ನೆ! ಸೀಸೆ ನೀರಿನಂತೆ ತಿಳಿಯಾಗಿತ್ತು. ಪುಸ್ತಕದ ಲೆಕ್ಕಕ್ಕಿಂತ ಬೇಗ. ನನ್ನ ಕೈಗುಣ ಇರಬೇಕು.

ಹಬ್ಬದ ದಿನ ಒಂದು ತಮಾಷೆ ನಡೆಯಿತು. ಮಧ್ಯಾಹ್ನ ಸೂಪು ಬಡಿಸುವ ಹೊತ್ತಿಗೆ ಫೋನು. ಎತ್ತಿದರೆ ಯಾವನೋ ಕುಡುಕ. ಮಾತಿಲ್ಲ ಕತೆಯಿಲ್ಲ, ಗೊಳ್ ಎಂದು ನುಂಗುವ ಸದ್ದು, ಆಮೇಲೆ ಒಂದು ತೇಗು, ಮತ್ತೆ ನುಂಗು, ಮತ್ತೆ ತೇಗು. ಹಬ್ಬದ ದಿನವೂ ಬಿಡುವುದಿಲ್ಲವಲ್ಲ! ಚೆನ್ನಾಗಿ ಝಾಡಿಸಿದೆ: "ತೇಗೋದಿದ್ರೆ ನಿಮ್ಮನೇಲಿ ತೇಗ್ರಿ, ನಾಚ್ಕೆ ಆಗಲ್ವಾ?" ಎಂದು ಠಪ್ಪನೆ ಇಟ್ಟೆ. ಫ್ರಾವ್ ಶೆಂಕ್‌ಗೆ ಹೇಳಿದರೆ ಕೇಕು ಗಂಟಲಿಗೆ ಸಿಕ್ಕಿಕೊಳ್ಳುವಷ್ಟು ನಕ್ಕಳು.

ನಿನ್ನ ಮಾತು ಎಲ್ಲಿಯವರೆಗೆ ಬಂತು? ಹಬ್ಬಕ್ಕೆ ಒಂದು ಸಾಲೂ ಬರೆಯಲಿಲ್ಲ ನೀನು.

ಲೀಡಿಯಾ


ರಾಯ್ಟ್ಲಿಂಗನ್, 9 ಏಪ್ರಿಲ್
(ಅಂಚೆ ಕಾರ್ಡು)

ಅಣ್ಣ, ನಾನು ಬರೆದು ಹನ್ನೆರಡು ದಿನವಾಯಿತು, ನಿನ್ನಿಂದ ಕಾಗದವಿಲ್ಲ. ಹುಷಾರಾಗಿದ್ದೀಯಾ? ನೈಟ್ರೈಟ್ ಈ ವಾರವೂ ಸೊನ್ನೆ. ಮೂರು ಸಲ ನೋಡಿದೆ, ಸೊನ್ನೆ, ಸೊನ್ನೆ, ಸೊನ್ನೆ. ಮೀನು ತರಲೇ? — ಲೀ.


ಬಾಡ್ ಟಾನ್‌ರೀಟ್,
14 ಏಪ್ರಿಲ್ 1989

ಲೀಡಿಯಾ,

ಮೀನು ತರಬೇಡ. ತೊಟ್ಟಿ ಖಾಲಿ ಮಾಡು. ಅಂಗಡಿಯವನಿಗೆ ಫೋನು ಮಾಡಿದರೆ ಕಲ್ಲು, ಮೋಟಾರು ಎಲ್ಲ ವಾಪಸು ತೆಗೆದುಕೊಂಡು ಹೋಗುತ್ತಾನೆ.

ಪೆಂಟೆಕೋಸ್ಟಿಗೆ ನಾನು ಬರುವುದಿಲ್ಲ. ಇಲ್ಲೇ ಊರಾಚೆ ವೃದ್ಧರ ವಸತಿಯೊಂದಿದೆ, ಕೋಣೆ ಕೇಳಿದ್ದೇನೆ. ಕುತ್ತಿಗೆಗೆ ಸ್ಲೇಟು ನೇತು ಹಾಕಿಕೊಂಡು ಓಡಾಡುವವರು ಅಲ್ಲಿ ನಾಲ್ವರಿದ್ದಾರೆ. ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಫ್ರಾವ್ ಯಾನ್ಸೆನ್ ಬಳಿ ಹೋಗುವುದು ಬಿಟ್ಟಿದ್ದೇನೆ.

ನಿನಗೆ ಮನೆಯಲ್ಲಿ ಎಂಥದು ಬೇಕು, ಎಂಥದು ಬೇಡ ಎಂದು ನನಗೆ ತಿಳಿದಿದೆ. ನೋಡಲು ಬರಬೇಡ.

ಗಾಟ್ಲೀಬ್


ರಾಯ್ಟ್ಲಿಂಗನ್,
17 ಏಪ್ರಿಲ್ 1989

ಅಣ್ಣ,

ನಿನಗೆ ಗೊತ್ತಾಗಿಬಿಟ್ಟಿದೆ. ಯಾರು ಹೇಳಿದರು, ಶೆಂಕಳೇ ಬರೆದಳೇ? ಅಥವಾ ನನ್ನ ಸೊನ್ನೆಗಳನ್ನು ನೋಡಿಯೇ ಹಿಡಿದೆಯೋ? ಚಿಕ್ಕಂದಿನಿಂದಲೂ ನಿನ್ನ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡವಳಲ್ಲ ನಾನು.

ಹೌದು, ತೊಳೆದೆ. ಈಸ್ಟರ್ ಶನಿವಾರ ಮೆಟ್ಟಿಲು ತಿಕ್ಕಿ ಮೇಲೆ ಬಂದೆ. ಕೈಯಲ್ಲಿ ಬ್ರಷ್ಷು ಇನ್ನೂ ಇತ್ತು. ಎದುರಿಗೆ ಆ ಕಂದು ಕೊಳೆ. ಮರುದಿನ ಅವಳು ಬರುತ್ತಾಳೆ, ಮೂಗು ಮುಚ್ಚುತ್ತಾಳೆ, ಊರಿಗೆಲ್ಲ ಹೇಳುತ್ತಾಳೆ. ಪಾಳಿಯ ವಾರದಲ್ಲಿ ಮನೆಯೊಳಗೆ ಅಂಥದು ಇಟ್ಟುಕೊಂಡವಳು ಎಂದು ಹೆಸರಾಗುತ್ತದೆ. ಅಮ್ಮ ನಮಗೆ ಕಲಿಸಿದ್ದು ಒಂದೇ ತಾನೇ, ಹೊಟ್ಟೆಗಿಲ್ಲದಿದ್ದರೂ ಹೊಸ್ತಿಲು ಚೊಕ್ಕಟವಾಗಿರಬೇಕು. ಒಂದೊಂದೇ ಕಲ್ಲು ತೆಗೆದು ಬಿಸಿನೀರಿನ ನಲ್ಲಿಯ ಕೆಳಗೆ ಹಿಡಿದು ಉಜ್ಜಿದೆ. ಸೋಪು ಹಾಕಲಿಲ್ಲ, ಅಷ್ಟು ಬುದ್ಧಿ ಇತ್ತು. ಬೆಳ್ಳಗೆ ಮೂಳೆಯ ಹಾಗೆ ಆಗುವವರೆಗೆ ಉಜ್ಜಿದೆ. ನೀರನ್ನೂ ಚೆಲ್ಲಿ ಹೊಸದಾಗಿ ಕಲಸಿ ತುಂಬಿದೆ. ಆ ಇಪ್ಪತ್ತೈದು ಬಕೆಟ್ಟುಗಳನ್ನು ಮತ್ತೊಮ್ಮೆ ಹೊತ್ತೆ ಅಣ್ಣ.

ಸೋಮವಾರ ಸೊನ್ನೆ ಬಂದಾಗ ನಿಜಕ್ಕೂ ಖುಷಿಪಟ್ಟೆ. ನನಗೇನು ಗೊತ್ತು, ಮುಗಿದದ್ದಕ್ಕೂ ಸೊನ್ನೆ, ಶುರುವೇ ಆಗದ್ದಕ್ಕೂ ಸೊನ್ನೆ ಎಂದು. ವಾರ ಕಳೆದ ಮೇಲೆ ಮತ್ತೆ ನಾತ. ಆಮೇಲೆ ಗುಲಾಬಿ. ಆಗ ಪುಸ್ತಕ ತೆರೆದು ಓದಿದೆ. ಮೂರೂವರೆ ವಾರದ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಕೊಂದಿದ್ದೆ. ಕಾರ್ಡಿನಲ್ಲಿ ಬರೆದ ಸೊನ್ನೆಗಳು ಸುಳ್ಳು, ಆ ದಿನ ಸೀಸೆ ಗುಲಾಬಿಯಾಗಿತ್ತು.

ಕಲ್ಲು ತೊಳೆದದ್ದಕ್ಕೆ ಮನೆ ಬಿಡುತ್ತೀಯಾ? ಬೈಯಿ, ಬರೆದು ಬೈಯಿ, ಹತ್ತು ಪುಟ ಬೈಯಿ. ಸ್ಲೇಟು ಹಾಕಿಕೊಂಡು ಅಪರಿಚಿತರ ಜೊತೆ ಕೂರುತ್ತೇನೆ ಎನ್ನಬೇಡ. ನಾನು ತೊಟ್ಟಿ ಖಾಲಿ ಮಾಡಿಲ್ಲ, ಮಾಡುವುದೂ ಇಲ್ಲ.

ಲೀಡಿಯಾ


ಬಾಡ್ ಟಾನ್‌ರೀಟ್,
21 ಏಪ್ರಿಲ್ 1989

ಲೀಡ್ಲೆ,

ಕಲ್ಲಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ನಿನ್ನ ಕಾಗದ ಓದಿ ನಗು ಬಂತು. ಈಗ ನನಗೆ ನಗು ಬಂದರೆ ಕುತ್ತಿಗೆಯ ತೂತಿನಿಂದ ಗಾಳಿ ಮಾತ್ರ ಹೊರಡುತ್ತದೆ. ಆದರೂ ಅದು ನಗುವೇ.

ನೀನು ನಿನ್ನದನ್ನು ಹೇಳಿಬಿಟ್ಟೆ. ನಾನೂ ಹೇಳುತ್ತೇನೆ. ಎಂಟು ಪದ ಎಂದು ಬರೆದೆನಲ್ಲ, ಆಗ ಒಂದೂ ಬಂದಿರಲಿಲ್ಲ. ಫ್ರಾವ್ ಯಾನ್ಸೆನ್ ನನ್ನನ್ನು ಯಾರಿಗೂ ತೋರಿಸುತ್ತಿರಲಿಲ್ಲ, ತೋರಿಸಲು ಏನೂ ಇರಲಿಲ್ಲ. ನುಂಗಿದ ಗಾಳಿ ಹೊಟ್ಟೆಗೆ ಹೋಗುತ್ತಿತ್ತೇ ಹೊರತು ಬಾಯಿಗೆ ಬರುತ್ತಿರಲಿಲ್ಲ. ದಿನಾ ಹೊಟ್ಟೆ ಉಬ್ಬಿಸಿಕೊಂಡು ಮಲಗುತ್ತಿದ್ದೆ. ನೀನು ಮನೆಯಲ್ಲಿ ಮಾತು ಬೇಕು ಎಂದಿದ್ದೆ. ಇಲ್ಲ ಎಂದು ಹೇಗೆ ಬರೆಯಲಿ?

ಹಬ್ಬದ ಹಿಂದಿನ ಗುರುವಾರ ಮೊದಲ ಸಲ ಬಂತು. ಎರಡು ಪದ. "ಲೀಡ್ಲೆ, ನಾನು." ಶುಕ್ರವಾರ, ಶನಿವಾರ ಅಷ್ಟನ್ನೇ ಹೇಳಿಕೊಂಡೆ, ನೂರು ಸಲ, ಇನ್ನೂರು ಸಲ. ಭಾನುವಾರ ಕಾರಿಡಾರಿನ ನಾಣ್ಯದ ಫೋನಿನ ಮುಂದೆ ಸಾಲಿನಲ್ಲಿ ನಿಂತೆ. ನೀನು ಎತ್ತಿದೆ. ನಾನು ನುಂಗಿ, ಹೇಳಿದೆ. ಮತ್ತೆ ನುಂಗಿ, ಹೇಳಿದೆ. ನೀನು ಏನಂದೆ ಎಂದು ನೀನೇ ಬರೆದಿದ್ದೀಯ.

ನನ್ನ ಹಿಂದೆ ಸಾಲಿನಲ್ಲಿ ಮೂವರಿದ್ದರು, ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡವರು. ಯಾರೂ ನಗಲಿಲ್ಲ. ಒಬ್ಬ ಬೆನ್ನು ತಟ್ಟಿದ. ಅದೇ ನನಗೆ ಹೆಚ್ಚು ನೋವಾಯಿತು.

ನಿನ್ನ ಮೇಲೆ ಕೋಪವಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಕೋಪ ಇದೆ. ಆದರೆ ದಣಿವು ಅದಕ್ಕಿಂತ ಹೆಚ್ಚಾಗಿದೆ. ವಸತಿಯವರು ಮುಂದಿನ ತಿಂಗಳು ಒಂದನೆಯ ತಾರೀಕು ಉತ್ತರ ಕೇಳಿದ್ದಾರೆ.

ಗಾಟ್ಲೀಬ್


ರಾಯ್ಟ್ಲಿಂಗನ್,
24 ಏಪ್ರಿಲ್ 1989

ಅಣ್ಣ,

ಎರಡು ದಿನ ಪೆನ್ನು ಹಿಡಿಯಲು ಕೈ ಬರಲಿಲ್ಲ. ಫೋನಿನ ಮುಂದೆ ಹಾದು ಹೋಗಲೂ ಆಗುತ್ತಿಲ್ಲ. ನೀನು ನೂರು ಸಲ ಹೇಳಿಕೊಂಡು ತಂದ ಮಾತನ್ನು ನಾನು ಕೇಕಿನ ಜೊತೆ ಶೆಂಕಳಿಗೆ ಬಡಿಸಿದೆ. ನನ್ನ ನಾಲಿಗೆಗೆ ಬರೆ ಹಾಕಬೇಕು. ಅವಳಿಗೂ ಹೋಗಿ ಹೇಳಿದೆ. ಅವಳು ಮೆಟ್ಟಿಲ ಮೇಲೇ ಕೂತುಬಿಟ್ಟಳು, ಅದೂ ಒರೆಸಿದ ಒದ್ದೆ ಮೆಟ್ಟಿಲ ಮೇಲೆ. "ನಾನು ನಕ್ಬಿಟ್ನಲ್ಲ ಲೀಡಿಯಾ, ದೇವ್ರೇ, ನಾನು ನಕ್ಬಿಟ್ನಲ್ಲ" ಎನ್ನುತ್ತಿದ್ದಳು.

ಮನೆಯಲ್ಲಿ ಮಾತು ಬೇಕು ಎಂದದ್ದು ಬಾಯಿ ಚಪಲಕ್ಕೆ. ನೀನು ಬೇಕು ಎಂದು ಬರೆಯಲು ನಾಚಿಕೆಯಾಗಿ ಮಾತು ಬೇಕು ಎಂದು ಬರೆದೆ. ಸ್ಲೇಟಾದರೆ ಸ್ಲೇಟು, ತೇಗಾದರೆ ತೇಗು. ಸುಮ್ಮನೆ ಕೂರುತ್ತೀಯಾದರೆ ಇಬ್ಬರೂ ತೊಟ್ಟಿಯ ಮುಂದೆ ಕೂರೋಣ, ಮಾತಾಡುವ ಕೆಲಸ ನಾನೊಬ್ಬಳೇ ಮಾಡುತ್ತೇನೆ. ಅದು ನನಗೆ ಹೊಸದೇನಲ್ಲ.

ಒಂದು ಸಂಗತಿ. ಅಂದು ದೊಡ್ಡ ಕಲ್ಲನ್ನು ತೊಳೆದಿರಲಿಲ್ಲ. ಎತ್ತಲು ಹೋದೆ, ಸೊಂಟ ಹಿಡಿದುಕೊಂಡಿತು, ತಳದಲ್ಲಿ ನೀರು ಸ್ವಲ್ಪ ಉಳಿಸಿ, ಒದ್ದೆ ಬಟ್ಟೆ ಹೊದಿಸಿ ಅಲ್ಲೇ ಬಿಟ್ಟೆ. ನಿನ್ನೆ ಅದರ ಸಂದಿಯಿಂದ ಒಂದು ಹುಳು ತಲೆ ಹಾಕಿತು. ಕಂದು ಬಣ್ಣ, ಮೈತುಂಬ ರೋಮದಂಥ ಕಾಲು, ಉದ್ದ ನನ್ನ ಕಿರುಬೆರಳಷ್ಟು. ನೋಡಿದರೆ ಮೈ ಜುಮ್ಮೆನ್ನುತ್ತದೆ. ತಿಂಗಳ ಹಿಂದೆ ಆಗಿದ್ದರೆ ಇಕ್ಕಳದಲ್ಲಿ ಹಿಡಿದು ಕಕ್ಕಸಿಗೆ ಹಾಕುತ್ತಿದ್ದೆ. ನಿನ್ನೆ ಅದರ ಮುಂದೆ ಕೂತು ಅತ್ತೆ. ನಾನು ಇಷ್ಟು ಮಾಡಿದ ಮೇಲೂ ಅದು ಬದುಕಿದೆಯಲ್ಲ ಎಂದು.

ಭಾನುವಾರ, ಮೂವತ್ತನೆಯ ತಾರೀಕು, ಬೆಳಿಗ್ಗೆ ಹನ್ನೊಂದಕ್ಕೆ ಫೋನು ಮಾಡು. ಚರ್ಚಿಗೆ ಹೋಗುವುದಿಲ್ಲ. ಸ್ಟೂಲು ಹಾಕಿಕೊಂಡು ಹತ್ತೂವರೆಗೇ ಕೂತಿರುತ್ತೇನೆ. ನೀನು ಮುಗಿಸುವವರೆಗೆ ಬಾಯಿ ತೆರೆಯುವುದಿಲ್ಲ. ನನಗೆ ತಿಳಿಯದಿದ್ದರೆ ಮತ್ತೆ ಹೇಳು, ಮತ್ತೂ ತಿಳಿಯದಿದ್ದರೆ ಮತ್ತೆ ಹೇಳು. ವಸತಿಯವರಿಗೆ ಉತ್ತರ ಕೊಡುವ ಮೊದಲು ಇದೊಂದು ಸಲ.

ನಿನ್ನ
ಲೀಡ್ಲೆ


ರಾಯ್ಟ್ಲಿಂಗನ್,
30 ಏಪ್ರಿಲ್ 1989, ಭಾನುವಾರ

ಅಣ್ಣ,

ನಾನು ಕೇಳಿಸಿಕೊಂಡದ್ದು ಸರಿಯೋ ಎಂದು ನೋಡಿ ಹೇಳು. ತಪ್ಪಿದ್ದರೆ ತಿದ್ದಿ ಕಳಿಸು.

ಹನ್ನೊಂದಕ್ಕೆ ಮೂರು ನಿಮಿಷ ಇರುವಾಗ ಫೋನು ಬಂತು. ಎತ್ತಿದೆ. ಏನೂ ಅನ್ನಲಿಲ್ಲ. ಹಲೋ ಎನ್ನುವುದನ್ನೂ ಹಲ್ಲು ಕಚ್ಚಿ ತಡೆದೆ. ನೀನು ನುಂಗುವ ಸದ್ದು ಕೇಳಿಸಿತು. ಆಮೇಲೆ ಬಂದ ಧ್ವನಿ ನಿನ್ನದಲ್ಲ, ಸುಳ್ಳು ಹೇಳುವುದಿಲ್ಲ. ಹಳೆಯ ಬಾಗಿಲು ಜರುಗಿದ ಹಾಗೆ ಇತ್ತು. ಮೊದಲ ಸಲ ತಿಳಿಯಲಿಲ್ಲ. ಎರಡನೆಯ ಸಲವೂ ತಿಳಿಯಲಿಲ್ಲ. ಮೂರನೆಯ ಸಲ ತಿಳಿಯಿತು: "ಲೀಡ್ಲೆ, ನಾನು."

"ಗೊತ್ತಾಯ್ತು ಕಣೋ, ನೀನು" ಎಂದೆ. ಇನ್ನೂ ಏನೇನೋ ಹೇಳಬೇಕೆಂದು ಕಾಗದದಲ್ಲಿ ಬರೆದಿಟ್ಟುಕೊಂಡಿದ್ದೆ. ಒಂದೂ ಬರಲಿಲ್ಲ. ಆಗ ನೀನು ಎರಡು ಸಲ ನುಂಗಿ ಕೇಳಿದೆ: "ನೈಟ್ರೈಟ್ ಎಷ್ಟು?" ಹೌದು ತಾನೇ? ಅದನ್ನೇ ಕೇಳಿದ್ದು ತಾನೇ? ಹೊಸ ಗಂಟಲು ಬಂದರೂ ಬುದ್ಧಿ ಹಳೆಯದೇ.

ಸೀಸೆ ನನ್ನ ತೊಡೆಯ ಮೇಲೇ ಇತ್ತು, ಬೆಳಿಗ್ಗೆ ಹಿಡಿದದ್ದು. ಕಿಟಕಿಯ ಕಡೆ ಎತ್ತಿ ಹಿಡಿದೆ. ಸೊನ್ನೆ ಎಂದುಬಿಡಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಸೊನ್ನೆ ಎಂದರೆ ನೀನು ಬರುತ್ತೀಯ, ಮೀನು ಬರುತ್ತದೆ, ಎಲ್ಲ ಮುಗಿಯುತ್ತದೆ ಎಂದು ಆಸೆ. ಆದರೆ ಹೇಳಲಿಲ್ಲ. "ಇನ್ನೂ ಗುಲಾಬಿನೇ ಅಣ್ಣ. ತುಂಬಾ ತಿಳಿ ಗುಲಾಬಿ. ಆದ್ರೆ ಸೊನ್ನೆ ಆಗಿಲ್ಲ. ಪೆಂಟೆಕೋಸ್ಟಿಗೂ ಆಗತ್ತೋ ಇಲ್ವೋ" ಎಂದೆ.

ಆ ಕಡೆ ನೀನು ಇಟ್ಟುಬಿಟ್ಟೆಯೇನೋ ಎಂದುಕೊಂಡೆ. ನಾನು ಇಡಲಿಲ್ಲ. ನಿನ್ನ ಹಿಂದೆ ಯಾರೋ ಕೆಮ್ಮಿದ್ದು, ನಾಣ್ಯ ಬಿದ್ದದ್ದು ಕೇಳಿಸಿತು. ಆಮೇಲೆ ನೀನು ನುಂಗಿದೆ.

ಕೊನೆಯ ಮಾತು ಮೊದಲನೆಯ ಸಲಕ್ಕೇ ತಿಳಿಯಿತು, ತಿದ್ದುವುದೇನೂ ಬೇಡ. "ಮನೇಲಿ ಕೂತು ಕಾಯೋಣ" ಎಂದೆ ನೀನು.

ಲೀಡ್ಲೆ